ಅಪ್ಪನ ಗಾರೆ ಗೋಡೆಗೆ ನಾನು ಬಳಿಸಿದ ಸಿಮೆಂಟು

ಪೊಟೊಮ್ಯಾಕ್ ನದಿ ದಂಡೆಯ ಆ ಊರಿನಲ್ಲಿ ಬಾಗಿಲಿಗೆ ಬಣ್ಣ ಬಳಿಯಬೇಕಾದರೂ ಹಳೇ ಕಟ್ಟಡ ಕಾಯುವ ಕಮಿಟಿಯನ್ನು ಕೇಳಬೇಕಿತ್ತು. ಅಮೆರಿಕಕ್ಕೆ ಸ್ವಾತಂತ್ರ್ಯ ಬರುವುದಕ್ಕೂ ಮುಂಚಿನ ಇಟ್ಟಿಗೆ ಮನೆಗಳು, ದುಂಡುಕಲ್ಲು ಹಾಸಿದ ಬೀದಿ. ತೊಂಬತ್ತರ ದಶಕದಲ್ಲಿ ನಾವು ಅಂಥದ್ದೊಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕಿಟಕಿಗೆ ಸೊಳ್ಳೆಪರದೆ ಹಾಕಿಸಲು ಓನರ್ ಎರಡು ತಿಂಗಳು ಅರ್ಜಿ ಹಿಡಿದು ಓಡಾಡಿದ. "ಇದೇನು ಮನೆಯೋ, ಮ್ಯೂಸಿಯಮ್ಮೋ!" ಅಂತ ದಿನಾ ಗೊಣಗುತ್ತಿದ್ದೆ. ನಮ್ಮವರು ಏಳಕ್ಕೇ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೊರಟರೆ, ಕೆಲಸಕ್ಕೆ ಹೋಗುವ ಹಾಗಿಲ್ಲದ ವೀಸಾದವಳು ನಾನು, ಸಂಜೆಯವರೆಗೆ ಕಿಟಕಿ ಕಾಯುತ್ತಿದ್ದೆ.

ಒಂದು ಬೆಳಿಗ್ಗೆ ಕೆಳಗಿನಿಂದ ಸುಣ್ಣದ ವಾಸನೆ ಬಂತು. ಕಲ್ಲುಸುಣ್ಣಕ್ಕೆ ನೀರು ಬಿದ್ದಾಗ ಬರುತ್ತಲ್ಲ, ಆ ಬಿಸಿ ವಾಸನೆ. ಮೈಸೂರಿನಲ್ಲಿ ನಮ್ಮಪ್ಪ ಗಾರೆ ಮೇಸ್ತ್ರಿ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ರಸ ಹಾಕಿ ಅರೆದು ಗೋಡೆ ಕಟ್ಟುತ್ತಿದ್ದವನು. ನಾನು ಹುಟ್ಟಿ ಬೆಳೆದ ಮನೆಯೂ ಅವನ ಕೈಯದೇ. ಏಪ್ರಿಲ್ ಬಿಸಿಲಲ್ಲೂ ಗೋಡೆಗೆ ಕೆನ್ನೆ ಒತ್ತಿದರೆ ತಣ್ಣಗಿರೋದು. ಬರಿಗಾಲಲ್ಲೇ ಕೆಳಗಿಳಿದು ಓಡಿದೆ.

ಅರವತ್ತು ದಾಟಿದ ಒಬ್ಬ ಮೇಸ್ತ್ರಿ ನಮ್ಮ ಮನೆಯ ಪಕ್ಕದ ಗೋಡೆಯಿಂದ ಸಿಮೆಂಟ್ ಕೀಳುತ್ತಿದ್ದ. ಗಟ್ಟಿಯಾಗಿರೋದನ್ನ ಯಾಕೆ ಕೀಳ್ತೀರಿ ಅಂದೆ. "ಹಿಂದಿನವರು ಯಾರೋ ಚೆನ್ನಾಗಿ ಕಾಣಲಿ ಅಂತ ಬಳಿಸಿದ್ದಾರೆ. ಸುಣ್ಣದ ಗೋಡೆ ಉಸಿರಾಡುತ್ತೆ. ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲ್ಲ" ಅಂದ. ಬೆರಳಿನಿಂದ ಕೆರೆದ. ಇಟ್ಟಿಗೆ ರವೆಯ ಹಾಗೆ ಉದುರಿತು.

ನಾನೂ ಅದನ್ನೇ ಮಾಡಿಸಿದ್ದೆ. ಮದುವೆಗೆ ಮುಂಚೆ ಗಂಡಿನ ಕಡೆಯವರು ಮನೆ ನೋಡಲು ಬರುತ್ತಾರೆ ಅಂದಾಗ, ಕಲೆಕಲೆಯಾದ ಗಾರೆ ಗೋಡೆ ನೋಡಿ ನನಗೆ ನಾಚಿಕೆ. "ಎಲ್ಲರ ಮನೆ ಥರ ನುಣ್ಣಗೆ ಸಿಮೆಂಟ್ ಮಾಡಿಸಪ್ಪ, ಇಲ್ಲಾಂದ್ರೆ ನಾನು ಅವರೆದುರಿಗೆ ಬರೋದೇ ಇಲ್ಲ" ಅಂತ ಹಟ ಹಿಡಿದಿದ್ದೆ. ಅಪ್ಪ ಸಿಮೆಂಟ್ ಮೂಟೆ ತಂದ. ತನ್ನ ಕೈಯಾರೆ ಬಳಿದ.

ಶನಿವಾರ ಬೆಳಿಗ್ಗೆ ಫೋನ್ ಮಾಡಿದೆ.

"ಅಪ್ಪಾ, ಮನೆ ಗೋಡೆ ಹೆಂಗಿದೆ?"

"ಉದುರ್ತಾ ಅದೆ."

"ಹಿಂಗಾಗುತ್ತೆ ಅಂತ ಆವತ್ತೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನವ್ವ? ನಲವತ್ತು ವರ್ಷ ಕರಣೆ ಹಿಡಿದೋನು."

"ಮತ್ಯಾಕೆ ಬಳಿದೆ?"

"ನೀನು ಎರಡು ದಿನ ಊಟ ಬಿಟ್ಟಿದ್ಯಲ್ಲ."

ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ನನ್ನ ಕಥೆ ಅದೇ. ಇಲ್ಲಿಯ ಆ ಮುದುಕ ಮೇಸ್ತ್ರಿಯ ಹತ್ತಿರ ಗಾರೆ ಕೆಲಸ ಕಲಿಯುತ್ತೇನೆ ಅಂದೆ. ಅಪ್ಪ ಕೆಮ್ಮು ಬರುವಷ್ಟು ನಕ್ಕ. "ಅಯ್ಯೋ ನಿನ್ನ! ಮೇಸ್ತ್ರಿ ಮಗಳು ಅಮೆರಿಕಕ್ಕೆ ಹೋಗಿ ಗಾರೆ ಕಲೀತಾಳಂತೆ! ಹಿತ್ತಲ ಗಿಡ ಮದ್ದಲ್ಲ ಬಿಡು." ಆಮೇಲೆ ದನಿ ತಗ್ಗಿಸಿ, "ಬಾ ಹಂಗಾದ್ರೆ. ಇಬ್ಬರೂ ಸೇರಿ ಸಿಮೆಂಟ್ ಕಿತ್ತು ಗಾರೆ ಮಾಡೋಣ. ನಾನು ಸುಣ್ಣ ನೆನೆಹಾಕಿರ್ತೀನಿ" ಅಂದ.

ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದ್ದೆವು. ಅದು ಬರುವವರೆಗೆ ದೇಶ ಬಿಡಬೇಡಿ ಅಂತ ವಕೀಲರ ಕಟ್ಟಪ್ಪಣೆ. ಮುಂದಿನ ವರ್ಷ ಬರ್ತೀನಪ್ಪ ಅಂದೆ. ಅದರ ಮುಂದಿನ ವರ್ಷವೂ ಅದನ್ನೇ ಅಂದೆ. ಅಷ್ಟರಲ್ಲಿ ಆ ಮುದುಕ ಬೀದಿಯ ಒಂದೊಂದು ಮನೆ ಹಿಡಿದರೂ ನಾನು ಹಿಂದೆಯೇ. ಕರಣೆ ಬೋರಲು ಹಾಕಿದರೂ ಗಾರೆ ಬೀಳಬಾರದು, ಆಗ ಹದ ಬಂತು ಅಂತ ಲೆಕ್ಕ. ಮನೆಗೆ ಬಂದರೆ ನನ್ನ ಕೈ ಅಪ್ಪನ ಅಂಗಿಯ ಹಾಗೇ ಘಮಗುಡುತ್ತಿತ್ತು. ತೊಳೆಯಲು ಮನಸ್ಸೇ ಬರುತ್ತಿರಲಿಲ್ಲ. ಅಪ್ಪನನ್ನು ನೋಡಬೇಕು ಅಂತ ಜೀವ ಹಪಹಪಿಸುತ್ತಿತ್ತು. "ಯಾವಾಗವ್ವ ಬರ್ತೀಯ?" ಅಂತ ಅವನೂ ಪ್ರತಿ ಫೋನಿಗೂ ಕೇಳೋನು.

ಕಾರ್ಡು ಬಂದು ನಾನು ಊರು ಮುಟ್ಟುವ ಹೊತ್ತಿಗೆ ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನಣ್ಣ ಹಿತ್ತಲಿಗೆ ಕರೆದುಕೊಂಡು ಹೋಗಿ, ಒಂದು ಗುಂಡಿಯ ಮೇಲಿನ ಗೋಣಿಚೀಲ ಸರಿಸಿದ. ನೀರಿನ ಕೆಳಗೆ ಸುಣ್ಣ ಬೆಣ್ಣೆಯ ಹಾಗೆ ಹದವಾಗಿ ಕೂತಿತ್ತು.

ನಡುಮನೆಯ ಒಂದು ಗೋಡೆಯ ಸಿಮೆಂಟ್ ಕಿತ್ತು, ಅದೇ ಸುಣ್ಣದಲ್ಲಿ ಗಾರೆ ಅರೆದು, ಮೂರು ದಿನ ನಾನೇ ಬಳಿದೆ. ಮುಗಿಸಿ, ಸರಿಯಾಗಿದೆಯಾ ಅಪ್ಪ ಅಂತ ತಿರುಗಿ ಕೇಳಿದೆ. ಬಾಗಿಲಲ್ಲಿ ಅಣ್ಣ ನಿಂತಿದ್ದ.

"ನನಗೇನು ಗೊತ್ತಮ್ಮ" ಅಂದ.