ಅಪ್ಪನ ಘಾಟು, ನನ್ನ ಮಷೀನು

ಅಪ್ಪನನ್ನು ರೈಲಿನಿಂದ ಇಳಿಸಿದ ವರ್ಷ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಹುಬ್ಬಳ್ಳಿಯ ಲೋಕೋ ಶೆಡ್ಡಿನಲ್ಲಿ ಇಂಜಿನ್ ಒರೆಸುವ ಕೆಲಸದಿಂದ ಶುರುಮಾಡಿ, ಕಲ್ಲಿದ್ದಲು ಎಸೆದು, ಮೆಟ್ಟಿಲು ಮೆಟ್ಟಿಲಾಗಿ ಪ್ಯಾಸೆಂಜರ್ ಗಾಡಿಯ ಡ್ರೈವರ್ ಆದವನು ಅಪ್ಪ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಡ್ರೈವರುಗಳಿಗೆ ಆಗಾಗ ನಡೆಯುವ ಕಣ್ಣಿನ ಪರೀಕ್ಷೆಯಲ್ಲಿ, ಬಣ್ಣ ಗುರುತಿಸುವುದರಲ್ಲಿ ದೋಷವಿದೆ ಎಂದು ಅವನನ್ನು ಕಚೇರಿಯ ಕುರ್ಚಿಗೆ ಹಾಕಿದರು.

"ಆ ಖೋಲ್ಯಾಗ ಸುಡುಗಾಡು ಬೆಳಕಾರ ಎಲ್ಲಿತ್ತು? ನನ್ನ ಕಣ್ಣಿಗೆ ಏನೂ ಆಗಿಲ್ಲ," ಎಂದು ಅಪ್ಪ ಮರುಪರೀಕ್ಷೆ ಕೇಳಿದ್ದ. ಅದು ಒಂದು ಸೋಮವಾರಕ್ಕೆ ನಿಗದಿಯಾಗಿತ್ತು. ಆ ಸೋಮವಾರ ಹತ್ತಿರ ಬಂದಂತೆ ಅವನ ಊಟ ಕಡಿಮೆಯಾಯಿತು, ಸಿಟ್ಟು ಹೆಚ್ಚಾಯಿತು. ಸಿಟ್ಟಿನಲ್ಲಿ ನಾನೂ ಅವನ ಮಗಳೇ, ಆದ್ದರಿಂದ ಮನೆಯಲ್ಲಿ ಅವ್ವನೊಬ್ಬಳೇ ಶಾಂತವಾಗಿ ಇದ್ದವಳು.

ಗೋಪನಕೊಪ್ಪದ ನಮ್ಮ ಮನೆಯ ನಡುಮನೆಯಲ್ಲಿ ನನ್ನ ಕಂಪ್ಯೂಟರ್ ಇತ್ತು. ಇಂಜಿನಿಯರಿಂಗ್ ಓದಿಗೆ ಬೇಕು ಎಂದು ಹೇಳಿ ಕೂಡಿಸಿದ್ದು, ಖರೇ ಹೇಳಬೇಕೆಂದರೆ ಆಟಕ್ಕೆ. ಯಾರೋ ಬಳಸಿ ಬಿಟ್ಟ ಪ್ರೊಸೆಸರು, ಇನ್ನಾರದೋ ಮೆಮರಿ, ಮುಚ್ಚಳವಿಲ್ಲದ ಡಬ್ಬಿ. ಅದನ್ನು ಸುಮ್ಮನೆ ಬಿಟ್ಟಿದ್ದರೆ ಸುಮ್ಮನೆ ನಡೆಯುತ್ತಿತ್ತೇನೋ. ಆದರೆ ಯಂತ್ರ ಚಾಲೂ ಆಗುವ ಮೊದಲು ಬರುವ ನೀಲಿ ಪರದೆಯಲ್ಲಿ ಅಂಕಿ ಬದಲಿಸುವುದು ನನಗೆ ಚಟವಾಗಿತ್ತು. ಮೆಮರಿ ಒಂದು ಕೆಲಸ ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳುವ ನಡುವೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಅಲ್ಲಿ ಹೇಳಬಹುದು. ನಾನು ಅದಕ್ಕೆ ಉಸಿರು ತಿರುಗಿಸಿಕೊಳ್ಳಲೂ ಬಿಡುವು ಕೊಟ್ಟಿರಲಿಲ್ಲ. ಪ್ರೊಸೆಸರನ್ನೂ ಅದರ ಶಕ್ತಿ ಮೀರಿ ಓಡಿಸುತ್ತಿದ್ದೆ.

ಕಾಲೇಜಿನ ಗೆಳತಿಯೊಬ್ಬಳಿಂದ ರೈಲು ಓಡಿಸುವ ಆಟವೊಂದನ್ನು ತಂದದ್ದು ಅಪ್ಪನಿಗಾಗಿಯೇ. ಪರದೇಶದ ಹಿಮದ ಗುಡ್ಡ, ಉದ್ದನೆಯ ಘಾಟು, ಅದರ ನೆತ್ತಿಯ ಮೇಲೆ ಒಂದು ಸುರಂಗ. ಮೊದಲು ಅಪ್ಪ ಬಾಗಿಲಲ್ಲೇ ನಿಂತು ನೋಡಿದ. ಆಮೇಲೆ, "ಸರಿ ಅತ್ತಾಗ. ಬ್ರೇಕ್ ಹಂಗ ಹೊಡೀತಾರೇನು?" ಎಂದು ನನ್ನನ್ನು ಎಬ್ಬಿಸಿ ತಾನೇ ಕೂತ. ನನಗೆ ಪಕ್ಕದ ಸ್ಟೂಲು. ನಾನು ಅವನ ಸಹಾಯಕಿ.

ಸಹಾಯಕಿ ಎಂದರೆ ಸುಮ್ಮನೆ ಅಲ್ಲ. ಇಂಜಿನ್ನಿನಲ್ಲಿ ಡ್ರೈವರು ಸಿಗ್ನಲ್ ಕಂಡೊಡನೆ ಅದರ ಬಣ್ಣವನ್ನು ಕೂಗಿ ಹೇಳಬೇಕು. ಪಕ್ಕದವನು ತನ್ನ ಕಣ್ಣಿಂದಲೇ ನೋಡಿ, ತಾನೂ ಕೂಗಬೇಕು. ಇಬ್ಬರ ಮಾತು ಕೂಡದಿದ್ದರೆ ಗಾಡಿ ನಿಲ್ಲಿಸಬೇಕು. ನಡುಮನೆಯಲ್ಲೂ ಅಪ್ಪ ಈ ನೇಮ ಬಿಡಲಿಲ್ಲ. "ಹಸರು," ಎನ್ನುತ್ತಿದ್ದ. "ಹಸರು," ಎನ್ನುತ್ತಿದ್ದೆ ನಾನು. ಅಡುಗೆಮನೆಯಿಂದ ಅವ್ವ, "ಇಬ್ರಿಗೂ ಹುಚ್ಚ ಹಿಡದೈತಿ," ಎನ್ನುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅಪ್ಪನ ದನಿ ಮೊದಲಿನಂತೆ ಕೇಳುತ್ತಿತ್ತು. ನನಗೆ ಅಳು ಬರುವಷ್ಟು ಸಂತೋಷವಾಗಿತ್ತು.

ತೊಂದರೆ ಶುರುವಾದದ್ದು ಘಾಟಿನಲ್ಲಿ. ಗುಡ್ಡ ಏರಿದಂತೆ ಹಿಮ, ಗಿಡಮರ ಎಲ್ಲವನ್ನೂ ಬಿಡಿಸಿ ತೋರಿಸಲು ಯಂತ್ರ ಏದುಸಿರು ಬಿಡುತ್ತಿತ್ತು. ಸುರಂಗದ ಬಾಯಿ ಕಾಣುವ ಹೊತ್ತಿಗೆ ಪರದೆ ಕಪ್ಪಾಗಿ ಎಲ್ಲ ಆರಿಹೋಗುತ್ತಿತ್ತು. ಪ್ರತಿ ಸಲವೂ ಹಾಗೆಯೇ. ಅಲ್ಲಿಯವರೆಗೆ ಎಲ್ಲ ಸಿಗ್ನಲ್ಲೂ ಹಸಿರು, ಗಾಡಿ ಸಮಯಕ್ಕೆ ಸರಿ, ಅಪ್ಪನ ಕೈ ಬೆಣ್ಣೆಯಂತೆ. ಆದರೂ ಸುರಂಗ ದಾಟಿದ್ದಿಲ್ಲ.

"ಡ್ರೈವರ್ ಛಲೋ ಅದಾನ, ಇಂಜಿನ್ ಸುಮಾರೈತಿ," ಎಂದು ಅಪ್ಪ ಎದ್ದುಬಿಡುತ್ತಿದ್ದ. ಒಮ್ಮೆ ಅವ್ವ ತಮಾಷೆಗೆ, "ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದಿದ್ಲಂತ," ಎಂದಳು. ಅಪ್ಪ ಆ ದಿನವೆಲ್ಲ ಅವಳೊಂದಿಗೆ ಮಾತಾಡಲಿಲ್ಲ. ನನಗೂ ಅವ್ವನ ಮೇಲೆ ಸಿಟ್ಟು ಬಂತು. ಸೋಮವಾರದೊಳಗೆ ಒಮ್ಮೆಯಾದರೂ ಅವನು ಆ ಘಾಟು ದಾಟಲೇಬೇಕು, ಎದೆ ಸೆಟೆಸಿಕೊಂಡು ಪರೀಕ್ಷೆಗೆ ಹೋಗಬೇಕು ಎಂದು ನನಗೆ ಹಟ ಹತ್ತಿತು.

ಯಂತ್ರ ಕಾದೇ ಆರುತ್ತಿರಬೇಕು ಎನಿಸಿತು. ಪ್ರೊಸೆಸರಿನ ಮೇಲೆ ಅದರ ಬಿಸಿ ಹೊರಹಾಕಲು ಅಲ್ಯುಮಿನಿಯಂ ರೆಕ್ಕೆಗಳ ಒಂದು ದಿಂಡು, ಅದರ ಮೇಲೆ ಪುಟ್ಟ ಫ್ಯಾನು ಇರುತ್ತದೆ. ಬೈಪಾಸ್ ರಸ್ತೆಯ ಧೂಳು, ಎರೆಮಣ್ಣಿನ ಹುಡಿ ಎಲ್ಲ ಸೇರಿ ಆ ರೆಕ್ಕೆಗಳ ನಡುವೆ ಕಂಬಳಿ ನೇಯ್ದಿದ್ದವು. ಅದನ್ನೆಲ್ಲ ಬಿಡಿಸಿದೆ. ಪ್ರೊಸೆಸರಿಗೂ ದಿಂಡಿಗೂ ನಡುವೆ ಹಚ್ಚುವ ಬಿಳಿ ಪೇಸ್ಟು ಒಣಗಿ ಸುಣ್ಣವಾಗಿತ್ತು. ಊರೆಲ್ಲ ಹುಡುಕಿ ಒಂದು ಟ್ಯೂಬು ತಂದಿಟ್ಟು ಶನಿವಾರ ಕಾಲೇಜಿಗೆ ಹೋದೆ. ಬರುವಷ್ಟರಲ್ಲಿ ಅಪ್ಪ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಟ್ಯೂಬು ಪೂರ್ತಿ ಖಾಲಿ. ದಿಂಡಿನ ನಾಲ್ಕೂ ಕಡೆಯಿಂದ ಪೇಸ್ಟು ಹೊರಗೆ ಉಕ್ಕಿತ್ತು.

"ಇದೇನ್ ಮಾಡೀಯಪಾ?"

"ಗ್ರೀಸ್ ಕಮ್ಮಿ ಬಿದ್ರ ಬೇರಿಂಗ್ ಸುಡ್ತೇತಿ. ಶೆಡ್ಡಿನ್ಯಾಗ ಮೊದಲ ಕಲಿಸೂದ ಇದನ್ನ. ಜಗ್ಗಿ ತುಂಬಬೇಕು."

ಆ ಪೇಸ್ಟು ಲೋಹ ಲೋಹದ ನಡುವಿನ ಕಣ್ಣಿಗೆ ಕಾಣದ ಸಂದು ತುಂಬಲು ಮಾತ್ರ. ದಪ್ಪವಾದರೆ ಅದೇ ಬಿಸಿಯನ್ನು ತಡೆದು ಕೂರುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ನಯವಾಗಿ ಹೇಳಬಹುದಿತ್ತು. ನನ್ನ ಬಾಯಿ ಹಾಗಲ್ಲ.

"ಇದು ಬೇರಿಂಗ್ ಅಲ್ಲ. ಇಲ್ಲೇನೂ ತಿರುಗೂದಿಲ್ಲ. ನಿನಗ ಗೊತ್ತಿರಲಾರದ್ದಕ್ಕ ಯಾಕ ಕೈ ಹಾಕ್ತಿ?"

ಅಪ್ಪ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟ. "ಹೌದ ಬಿಡು. ಎಲ್ಲಾರೂ ಅದನ್ನ ಹೇಳಾಕತ್ತಾರ," ಎಂದು ಹೊರಗೆ ಹೋದ. ನಾನು ಹಿಂದೆ ಹೋಗಿ ಕರೆಯಲಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವೆಯಿಂದ ಎಲ್ಲವನ್ನೂ ಒರೆಸಿ ತೆಗೆದೆ. ಉಕ್ಕಿದ್ದರಲ್ಲಿ ಮೊದಲೇ ತೆಗೆದಿಟ್ಟ ಜೋಳದ ಕಾಳಿನಷ್ಟು ಪೇಸ್ಟನ್ನು ನಡುವೆ ಇಟ್ಟು ಒತ್ತಿದೆ. ನೀಲಿ ಪರದೆಗೆ ಹೋಗಿ, ನಾನೇ ಬಿಗಿದ ಮೆಮರಿಯ ಅಂಕಿಗಳನ್ನೆಲ್ಲ ಸಡಿಲಿಸಿದೆ, ಪ್ರೊಸೆಸರಿನ ಓಟವನ್ನೂ ಇಳಿಸಿದೆ. ವೇಗ ಹೋದರೆ ಹೋಗಲಿ, ಗಾಡಿ ನಿಲ್ಲದಿದ್ದರೆ ಸಾಕಿತ್ತು.

ಭಾನುವಾರ ಮಧ್ಯಾಹ್ನ ಬಿಸಿಲು ಧಗಧಗ ಎನ್ನುತ್ತಿತ್ತು. ಡಬ್ಬಿಯ ಬಾಯಿಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟು ಅಪ್ಪನನ್ನು ಕರೆದೆ. ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಕೂತು, ಗಾಡಿ ಬಿಟ್ಟ.

ನಾನು ಒಂದು ಕೈಯನ್ನು ದಿಂಡಿನ ರೆಕ್ಕೆಗಳ ಪಕ್ಕದಲ್ಲೇ ಹಿಡಿದು ಕೂತಿದ್ದೆ. ಬಿಸಿ ಏರಿದರೆ ಮೊದಲು ಬೆರಳಿಗೆ ಗೊತ್ತಾಗಬೇಕು. ಘಾಟು ಶುರುವಾಯಿತು. ಹಸರು. ಹಸರು. ಹಿಮ ಬಂತು, ಗಿಡಮರ ಬಂದವು. ರೆಕ್ಕೆ ಬೆಚ್ಚಗಾಯಿತು, ಬಿಸಿ ಅಲ್ಲಿಗೇ ನಿಂತಿತು. ಅಪ್ಪನ ಹಣೆಯ ಮೇಲೆ ಬೆವರಿತ್ತು, ಒರೆಸಿಕೊಳ್ಳಲಿಲ್ಲ. ಸುರಂಗದ ಬಾಯಿ ಕಂಡಿತು. ಈಗ ಪರದೆ ಹೋಗುತ್ತದೆ, ಈಗ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಗಾಡಿ ಕತ್ತಲೆಯೊಳಗೆ ನುಗ್ಗಿತು, ಕತ್ತಲೆಯಿಂದ ಹೊರಗೂ ಬಂತು. ಅಪ್ಪ ನನ್ನ ಕಡೆ ನೋಡಿ ನಕ್ಕ. ಅವನು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು.

ಸುರಂಗದ ಆಚೆ ಒಂದು ಸಿಗ್ನಲ್ ಇತ್ತು. ನಾವು ಎಂದೂ ಅಲ್ಲಿಯವರೆಗೆ ಹೋಗಿರಲಿಲ್ಲ. ನಮ್ಮ ದೇಶದ ಸಿಗ್ನಲ್ ಕಂಬಗಳಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಜಾಗ. ಯಾವ ಜಾಗದ ದೀಪ ಹತ್ತಿದೆ ಎಂದು ನೋಡಿಯೇ ಹಳೆಯ ಡ್ರೈವರಿಗೆ ಬಣ್ಣ ಗೊತ್ತಾಗುತ್ತದೆ. ಆ ಪರದೇಶದ ಆಟದಲ್ಲಿ ಮಾತ್ರ ಕಂಬಕ್ಕೆ ಒಂದೇ ದೀಪ, ಬಣ್ಣ ಬದಲಿಸುವುದೂ ಅದೇ.

"ಹಸರು," ಎಂದ ಅಪ್ಪ.

ನಾನು ಸುಮ್ಮನಿದ್ದೆ. ಗಾಡಿ ಓಡುತ್ತಿತ್ತು.

"ಹಸರು," ಎಂದ ಮತ್ತೊಮ್ಮೆ, ಗಟ್ಟಿಯಾಗಿ. ಸಹಾಯಕರು ತಡಮಾಡಿದರೆ ಬಯ್ಯುವ ದನಿಯಲ್ಲಿ.

"ಕೆಂಪು," ಎಂದೆ.

ಅಪ್ಪ ಪರದೆ ನೋಡಲಿಲ್ಲ, ನನ್ನ ಮುಖ ನೋಡಿದ. ಕೈ ತಾನಾಗಿ ಬ್ರೇಕಿಗೆ ಹೋಯಿತು. ಗಾಡಿ ಕಿರುಗುಟ್ಟುತ್ತ ಕಂಬ ದಾಟಿ, ಇನ್ನಷ್ಟು ಮುಂದೆ ಹೋಗಿ ನಿಂತಿತು.

"ಮಷೀನ್ ಕಾದಿರಬೇಕು ನೋಡು," ಎಂದ, ಬಹಳ ಮೆತ್ತಗೆ. "ಕಾದ್ರ ಬಣ್ಣ ಕೆಡ್ತಾವೇನು?"

ನನ್ನ ಬೆರಳು ಇನ್ನೂ ರೆಕ್ಕೆಯ ಪಕ್ಕದಲ್ಲೇ ಇತ್ತು. ಹೂಂ ಎಂದುಬಿಡಬಹುದಿತ್ತು. ಅವನು ಅದನ್ನೇ ಬೇಡುತ್ತಿದ್ದ. ನಾನು ಹುಟ್ಟಿದಾಗಿನಿಂದ ಅಪ್ಪ ನನ್ನ ಹತ್ತಿರ ಏನನ್ನೂ ಬೇಡಿದವನಲ್ಲ.

"ಇಲ್ಲಪಾ," ಎಂದೆ. "ಮಷೀನ್ ತಣ್ಣಗೈತಿ."

ಅಪ್ಪ ತಲೆಯಾಡಿಸಿದ. ನಿಂತ ಗಾಡಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ, "ಗಾಡ್ಯಾಗ ಹಿಂದ ಮಂದಿ ಕುಂತಿರ್ತಾರವಾ," ಎಂದು ಎದ್ದು, ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟ.

ಸೋಮವಾರ ಅವನು ಪರೀಕ್ಷೆಗೆ ಹೋಗಲಿಲ್ಲ. ಅವ್ವನ ಕೈಯಿಂದ ಬುತ್ತಿ ಇಸಕೊಂಡು ನೇರ ಕಚೇರಿಗೆ ಹೋದ.