ಹಲ್ಲು ನೋಡಿ ಕೊಟ್ಟ ಪಿಂಚಣಿ

ಮೊದಲೆಲ್ಲ ವೃದ್ಧಾಪ್ಯ ವೇತನಕ್ಕೆ ಊರ ಹಿರಿಯರೊಬ್ಬರು ‘ಇವರಿಗೆ ವಯಸ್ಸಾಗಿದೆ’ ಎಂದರೆ ಸಾಕಿತ್ತು. ಎಂಬತ್ತರ ದಶಕದ ಕೊನೆಗೆ ಚಿಕ್ಕೋಡಿಗೆ ಹೊಸ ತಹಶೀಲ್ದಾರ ಸಾಹೇಬರು ಬಂದರು. ಮುದುಕರೆಲ್ಲ ವಯಸ್ಸು ಏರಿಸಿ ಹೇಳುತ್ತಾರೆಂದು ಅವರಿಗೆ ಗುಮಾನಿ. ಇನ್ನು ಮುಂದೆ ಡಾಕ್ಟರೇ ಪರೀಕ್ಷಿಸಿ ವಯಸ್ಸು ಬರೆದುಕೊಡಬೇಕೆಂದು ಸುಧಾರಣೆ ತಂದರು. ಡಾಕ್ಟರು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ದನದ ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ.

ನಿಪ್ಪಾಣಿಯಿಂದ ನನ್ನ ಅಜ್ಜಿಯನ್ನು ನಾನೇ ಚಿಕ್ಕೋಡಿಗೆ ಕರೆದುಕೊಂಡು ಹೋದೆ. ಅವಳ ಕೈ ಹಿಡಿದು ನಡೆಸಲು ಅವಳ ಮಗಳು, ಅಂದರೆ ನನ್ನ ದೊಡ್ಡವ್ವ, ಜೊತೆಗೆ ಬಂದಿದ್ದಳು. ಅಜ್ಜಿ ಜನ್ಮದಲ್ಲಿ ತಂಬಾಕು ಮುಟ್ಟಿದವಳಲ್ಲ. ಅವಳ ಹಲ್ಲಿನ ಸಾಲು ಪೂರ್ತಿಯಾಗಿತ್ತು. ದೊಡ್ಡವ್ವ ಸಣ್ಣಂದಿನಿಂದ ತಂಬಾಕಿನ ವಖಾರಿಯಲ್ಲಿ ದುಡಿದವಳು. ದಿನಾ ಬೆಳಗ್ಗೆ ಸುಟ್ಟ ತಂಬಾಕಿನ ಪುಡಿ, ಮಿಶ್ರಿ, ಹಲ್ಲಿಗೆ ತಿಕ್ಕಿ ತಿಕ್ಕಿ ಅವಳ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ.

ಡಾಕ್ಟರು ಇಬ್ಬರ ಬಾಯಿಯನ್ನೂ ನೋಡಿ ದೊಡ್ಡವ್ವನ ಕಡೆ ಕೈ ಮಾಡಿದರು. “ಇವ್ರಿಗೆ ಬರ್ದ ಕೊಡ್ತೀನ್ರಿ. ಅವ್ರಿಗೆ ಇನ್ನೂ ವಯಸ್ಸಾಗಿಲ್ಲ.”

“ಸಾಹೇಬ್ರ, ಇಕಿನ್ನ ಹಡದಾಕಿ ನಾನ್ರಿ,” ಎಂದಳು ಅಜ್ಜಿ.

“ಇರಬಹುದ್ರಿ ಆಯಿ. ಆದ್ರ ನಾವು ಹಲ್ಲ ನೋಡೇ ಬರೀಬೇಕಾಗ್ತೈತಿ.”

ದೊಡ್ಡವ್ವನಿಗೆ ಪಿಂಚಣಿ ಬರತೊಡಗಿತು. ಅಜ್ಜಿ ಅವಳೆದುರೇ ಕುಳಿತು ಹುರಿದ ಶೇಂಗಾ ಕಟಕಟ ಅಗಿಯುತ್ತಿದ್ದಳು.

ಮರುವರ್ಷ ಅಜ್ಜಿ ಅದೇ ಡಾಕ್ಟರ ದವಾಖಾನೆಯಲ್ಲಿ ತೀರಿಕೊಂಡಳು. ಈ ಸಲ ಅವರು ಬಾಯಿ ತೆರೆಸಿ ನೋಡಲಿಲ್ಲ. ಸಾವಿಗೆ ಕಾರಣ ‘ವೃದ್ಧಾಪ್ಯ’ ಎಂದು ಬರೆದು ಸಹಿ ಹಾಕಿದರು.