ಕಿವಿ ಮೇಸ್ತ್ರಿ ಕೂರಿಸಿದ ಕೊನೆಯ ಪಂಪು

ಕಿವಿ ಮೇಸ್ತ್ರಿಯ ಸುದ್ದಿ ನಾನು ಮೊದಲು ಕೇಳಿದ್ದು ನಮ್ಮ ಮಣ್ಣು ಅಗೆಯುವ ಹಳೇ ಯಂತ್ರ ಕೈ ಎತ್ತಲಾರದೆ ಶೆಡ್ಡಿನಲ್ಲಿ ನಿಂತ ದಿನ. ನಮ್ಮ ಮನೆ ಯಜಮಾನರು ಬೆಳಿಗ್ಗೆಯಿಂದ ಅದನ್ನು ಬೈಯುತ್ತಲೇ ಇದ್ದರು. ಪಕ್ಕದ ಮನೆಯ ಲಾರಿ ಡ್ರೈವರ್ ಗೋಡೆಯಾಚೆಯಿಂದ ಇಣುಕಿದ.

"ಅಣ್ಣಾ, ಎಣ್ಣೆ ಒತ್ತಿ ಕೈ ಎತ್ತೋ ಹೈಡ್ರಾಲಿಕ್ ಪಂಪು ಹೋಗಿದೆ. ನೀವು ಬೈದ್ರೆ ನಾಚ್ಕೊಂಡು ಎದ್ದೇಳುತ್ತಾ? ಕಿವಿ ಮೇಸ್ತ್ರೀನ ಕರೀರಿ. ಸ್ಕ್ರೂಡ್ರೈವರ್ ತುದಿ ಪಂಪಿಗಿಟ್ಟು, ಹಿಡಿ ಕಿವಿಗಿಟ್ಕೊಂಡ ಅಂದ್ರೆ ಅದರ ಒಳಗಿನ ಸಂಸಾರವೆಲ್ಲ ಹೇಳ್ತಾನೆ."

ಮರುದಿನ ಬಂದವರು ಕುಳ್ಳಗಿನ ಮನುಷ್ಯ, ಉಗುರಿನ ಸಂದಿಯಲ್ಲೂ ಕೊಳೆಯಿಲ್ಲ. ಕಿವಿಯಿಟ್ಟು ಕೇಳಿ ತಲೆಯಾಡಿಸಿದರು.

"ಒಳಗೆ ತೇದುಹೋಗಿದೆ ಯಜಮಾನ್ರೇ. ಕಬ್ಬಿಣದ ಪುಡಿ ಎಣ್ಣೇಲೆಲ್ಲ ಸೇರಿದೆ. ಟ್ಯಾಂಕು, ಪೈಪು ತೊಳೀದೆ ಹೊಸ ಪಂಪು ಹಾಕಿದ್ರೆ ಅದನ್ನೂ ತಿಂದುಹಾಕುತ್ತೆ."

ಎರಡು ದಿನ ತೊಳೆದರು. ಒರೆಸಲು ನೂಲು ಬಿಡದ ಬಟ್ಟೆ ಬೇಕೆಂದರು. ನಾನು ಕೊಟ್ಟದ್ದನ್ನೆಲ್ಲ ಎಳೆದು, ಬೆಳಕಿಗೆ ಹಿಡಿದು, ಮೂರನ್ನು ಹಿಂದಕ್ಕೆ ಕೊಟ್ಟರು. "ಹಬ್ಬಕ್ಕೆ ಹೊಲಿಸ್ಕೊಳ್ಳೋ ಬಟ್ಟೇನೂ ಇಷ್ಟು ನೋಡಲ್ಲವಲ್ಲಯ್ಯಾ" ಎಂದು ಯಜಮಾನರು ನಕ್ಕರು. ಮೇಸ್ತ್ರಿ ನಗಲಿಲ್ಲ. "ಪಂಪು ಕೆಡೋಕೆ ಒಂದು ಎಳೆ ಸಾಕು, ಯಜಮಾನ್ರೇ."

ಮೂರನೆಯ ದಿನ ಹೊಸ ಪಂಪು ಕೂತಿತು. ಟ್ಯಾಂಕಿನ ಅಡಿಯಲ್ಲಿ ಒಂದು ನಲ್ಲಿ. ಅದನ್ನು ತೆರೆದರೆ ಪಂಪಿಗೆ ಎಣ್ಣೆ ಇಳಿಯುತ್ತದೆ. ಮೇಸ್ತ್ರಿ ನಲ್ಲಿ ತೆರೆದರು, ಪಂಪಿನ ಮೇಲಿನ ತಿರುಪು ಸಡಿಲಿಸಿ ಕೆಳಗೊಂದು ಡಬ್ಬಿ ಇಟ್ಟರು, ಒಳಗಿನ ಗಾಳಿಯೆಲ್ಲ ಹೋಗಲಿ ಎಂದು. ಆಮೇಲೆ ಯಜಮಾನರ ಜೊತೆ ಬ್ಯಾಟರಿ ತರಲು ಹೊರಟರು. ಗಾಳಿಯ ಸಂಗತಿ ನನಗೇನು ಗೊತ್ತು? ಅವರು ಹೋದದ್ದು ತಿಳಿಯದೆ ನೀರು ಕೊಡೋಣವೆಂದು ಬಂದವಳಿಗೆ ಕಂಡದ್ದು ಡಬ್ಬಿ ತುಂಬಿ ನೆಲಕ್ಕೆ ಹರಿಯುತ್ತಿದ್ದ ಎಣ್ಣೆ. ಅಡುಗೆಮನೆಯಲ್ಲಿ ಪಳಗಿದ ಕೈ, ಸೋರುವ ನಲ್ಲಿ ಕಂಡರೆ ಸುಮ್ಮನಿರುತ್ತದೆಯೇ? ಟ್ಯಾಂಕಿನಡಿಯ ಆ ನಲ್ಲಿ ತಿರುಗಿಸಿ ಮುಚ್ಚಿದೆ. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಒಳಗೆ ಒಲೆಯ ಮೇಲೆ ಹಾಲಿತ್ತು, ಓಡಿದೆ, ಮರೆತೆ.

ಅವರು ಬಂದು, ನೆಲದ ಎಣ್ಣೆ ನೋಡಿ ಗಾಳಿಯೆಲ್ಲ ಹೋಯಿತೆಂದುಕೊಂಡು, ತಿರುಪು ಬಿಗಿದು ಯಂತ್ರ ಶುರು ಮಾಡಿದರು. ಪಂಪು ಕಿರುಚಿತು. "ನಿಲ್ಸಿ! ನಿಲ್ಸಿ!" ಎಂದು ಮೇಸ್ತ್ರಿ ಕೂಗುವಷ್ಟರಲ್ಲಿ ಒಳಗೆ ಏನೋ ಮುರಿದ ಸದ್ದಾಯಿತು. ಅವರು ಯಂತ್ರದಡಿ ನುಸುಳಿ, ನಲ್ಲಿ ನೋಡಿ, ಈಚೆ ಬಂದರು.

"ನಲ್ಲಿ ಮುಚ್ಚಿಬಿಟ್ಟಿದೆ, ಎಣ್ಣೆ ಸಿಗದೆ ಪಂಪು ಮುರೀತು. ಮೊದಲು ಎಣ್ಣೆ ಬಂದಿದ್ದಂತೂ ನಿಜ. ತಿರುಪು ಬಿಗಿಯೋವಾಗ ನಾನೇ ಮುಚ್ಚಿರ್ಬೇಕು. ನಂದೇ ತಪ್ಪು."

"ಬಟ್ಟೆ ನೋಡೋ ಕಣ್ಣಿಗೆ ನಲ್ಲಿ ಕಾಣ್ಲಿಲ್ವೇನಯ್ಯಾ!" ಯಜಮಾನರು ಬೀದಿಗೆ ಕೇಳುವಂತೆ ಹರಿಹಾಯ್ದರು. ನಾನು ಬಾಗಿಲಲ್ಲೇ ಇದ್ದೆ. ಒಂದು ಮಾತು ಸಾಕಿತ್ತು. ಆ ಬೈಗುಳ ನನ್ನ ಕಡೆ ತಿರುಗೀತೆಂದು ಬಾಯಿ ಕಟ್ಟಿಹೋಯಿತು. ಸಂಜೆ ಹೇಳೋಣ, ನಾಳೆ ಹೇಳೋಣ ಎನ್ನುತ್ತ ಇಪ್ಪತ್ತೆರಡು ವರ್ಷ ಕಳೆದೆ. ಯಜಮಾನರು ತೀರಿಕೊಂಡ ಮೇಲೆ ಬೈಯುವವರೂ ಇರಲಿಲ್ಲ, ಆಗಲೂ ಹೇಳಲಿಲ್ಲ.

ಅಂದಿನಿಂದ ಮೇಸ್ತ್ರಿ ಪಂಪು ಮುಟ್ಟಲಿಲ್ಲ. ಶೆಡ್ಡುಗಳಲ್ಲಿ "ನಲ್ಲಿ ಮೇಸ್ತ್ರಿ ಬಂದ" ಎಂದು ಆಡಿಕೊಂಡರು. ಅವರಿಂದಲೇ ಕೆಲಸ ಕಲಿತವರ ಕೈಕೆಳಗೆ ಯಂತ್ರ ತೊಳೆಯುವುದು, ಗ್ರೀಸು ಹಚ್ಚುವುದು ಮಾಡಿಕೊಂಡಿದ್ದರು. ಅವರ ಹೆಂಡತಿ ಒಮ್ಮೆ ಮಾರುಕಟ್ಟೆಯಲ್ಲಿ ಸಿಕ್ಕಾಗ ಹೇಳಿದಳು: "ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ವಾಪಸ್ ಬರ್ತಾರಕ್ಕಾ. ಹಾಕಿದ್ನಾ ನೋಡು ಅಂತ ನನ್ನನ್ನೇ ಕೇಳ್ತಾರೆ. ತಮ್ಮ ಕೈ ಮೇಲೇ ನಂಬಿಕೆ ಹೋಗಿದೆ." ನಾನು ಈರುಳ್ಳಿ ಆರಿಸುತ್ತ ತಲೆ ಎತ್ತಲಿಲ್ಲ.

ಮೇಸ್ತ್ರಿ ಹಾಸಿಗೆ ಹಿಡಿದಾಗ ನೋಡಲು ಹೋದೆ. ಆಮೇಲೆ ನಾಲ್ಕು ದಿನವಷ್ಟೇ ಬದುಕಿದ್ದರು. ಹೆಂಡತಿ ಔಷಧ ತರಲು ಹೋಗಿದ್ದಳು.

"ಅಕ್ಕಾ, ನೀವು ಯಾವುದನ್ನೂ ಮರೆಯಲ್ಲ ಅಂತಾರೆ. ಆ ದಿನ ನಲ್ಲಿ ಮುಚ್ಚಿದ್ದು ನಾನೇನಾ?"

"ನೀವಲ್ಲ ಮೇಸ್ತ್ರೀ," ಎಂದೆ.

ಅವರು ಬಲಗೈಯನ್ನು ಹೊದಿಕೆಯಿಂದ ಈಚೆ ತೆಗೆದು ಬಹಳ ಹೊತ್ತು ನೋಡಿಕೊಂಡರು. ಆಮೇಲೆ ಒಂದು ಮಾತು ಕೇಳಿದರು. ಚಪ್ಪಲಿ ಹುಡುಕುವ ನೆಪದಲ್ಲಿ ನಾನು ಎದ್ದುಬಂದೆ. ಕೇಳಿದ್ದು ಇಷ್ಟೇ:

"ಮತ್ಯಾರು ಅಕ್ಕಾ?"